ತಲೆ ಬೋಳಿಸಿದ ಮೇಲೆ ಉರಿ, ಗುಳ್ಳೆ, ಹೊಟ್ಟು: ಕಾರಣ ಹುಡುಕುವ ಬಗೆ

ಮನೆಯಲ್ಲೇ ತಲೆ ಬೋಳಿಸಿಕೊಳ್ಳುವವರಿಗೆ ತೊಂದರೆ ಎದುರಾದಾಗ ಕೈ ಮೊದಲು ಹೋಗುವುದು ಏನಾದರೂ ಹಚ್ಚುವುದಕ್ಕೆ. ಕೊಬ್ಬರಿ ಎಣ್ಣೆ, ಅರಿಸಿನ, ನಿಂಬೆರಸ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಯಾವುದೋ ಟ್ಯೂಬು. ನಾಲ್ಕು ದಿನ ಒಂದರ ಮೇಲೊಂದು ಹಚ್ಚಿದ ಮೇಲೆ ಮೂಲ ತೊಂದರೆ ಯಾವುದು, ಹಚ್ಚಿದ್ದರಿಂದ ಬಂದದ್ದು ಯಾವುದು ಎಂದು ಚರ್ಮವೈದ್ಯರಿಗೂ ಹೇಳುವುದು ಕಷ್ಟವಾಗುತ್ತದೆ. ಆದ್ದರಿಂದ ಏನನ್ನೂ ಹಚ್ಚುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಬೋಳಿಸಿದ ಎಷ್ಟು ಹೊತ್ತಿಗೆ ಶುರುವಾಯಿತು? ತಲೆಯ ಯಾವ ಜಾಗದಲ್ಲಿ?

ನಿಮಿಷಗಳಲ್ಲೇ ಎದ್ದ ಉರಿ ಸಾಮಾನ್ಯವಾಗಿ ಬ್ಲೇಡಿನದು. ಹೊರಗೆ ಓಡಾಡಿ ಬಂದ ಸಂಜೆ ಶುರುವಾದದ್ದು ಬಿಸಿಲಿನದು. ಒಂದೆರಡು ದಿನ ಬಿಟ್ಟು ಬಂದ ತುರಿಕೆ ಹಚ್ಚಿದ ವಸ್ತುವಿನದು. ಮೂರ್ನಾಲ್ಕು ದಿನಕ್ಕೆ ಎದ್ದ ಗುಳ್ಳೆ ಕೂದಲ ಬುಡದ್ದು. ಕೆಳಗಿನ ಹೆಚ್ಚಿನ ಭಾಗಗಳು ಈ ಲೆಕ್ಕದ ಮೇಲೆಯೇ ನಿಂತಿವೆ.

## ಬ್ಲೇಡು ಹಿಡಿಯುವ ಮುನ್ನ

ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆ ಹತೋಟಿಗೆ ಬಾರದವರು, ಹಳೆಯ ಗಾಯದ ಕಲೆ ಉಬ್ಬಿ ಗಂಟಾಗಿ ಬೆಳೆದವರು ಬ್ಲೇಡಿನ ಬದಲು ಟ್ರಿಮ್ಮರ್ ಅಥವಾ ಫಾಯಿಲ್ ಶೇವರ್ (ತೆಳು ಜಾಲರಿಯ ಒಳಗೆ ಬ್ಲೇಡು ಆಡುವ ವಿದ್ಯುತ್ ಶೇವರ್) ಬಳಸುವುದು ಕ್ಷೇಮ. ತಲೆ ಬೋಳಿಸುವ ಸಲುವಾಗಿ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ಹಸಿ ಗಾಯ, ಕೀವಿನ ಗುಳ್ಳೆ ಇದ್ದರೆ ಅದು ಮಾಯುವವರೆಗೆ ಕಾಯಿರಿ. ನರಹುಲಿ ಇದ್ದರೂ ಅಷ್ಟೆ. ಬ್ಲೇಡು ಅದನ್ನು ಗೀರಿದರೆ ಅದರೊಳಗಿನ ವೈರಸ್ಸು ಹೊಡೆತದ ಗೆರೆಯುದ್ದಕ್ಕೂ ಹರಡಿ, ಕೆಲವು ವಾರಗಳಲ್ಲಿ ಒಂದಿದ್ದದ್ದು ಸಾಲಾಗಿ ಏಳುತ್ತದೆ. ಮಚ್ಚೆಗಳು ಎಲ್ಲೆಲ್ಲಿವೆ ಎಂದು ಬೆರಳಿನಿಂದ ತಡವಿ ತಿಳಿದುಕೊಳ್ಳಿ. ಮೊದಲ ಸಲ ಬೋಳಿಸಿದ ಮೇಲೆ ಮನೆಯವರ ಕೈಲಿ ನೆತ್ತಿಯದೂ ಹಿಂದಲೆಯದೂ ಫೋಟೋ ತೆಗೆಸಿಡಿ. ಯಾವುದಾದರೂ ಮಚ್ಚೆ ಮುಂದೆ ಬೆಳೆದಿದೆಯೇ ಎಂದು ಹೋಲಿಸಲು ಅದೇ ಆಧಾರ.

ಒಂದೇ ಮನೆಯ ಅಪ್ಪ-ಮಗನ ನಡುವೆಯೂ ಬ್ಲೇಡು ಹಂಚಿಕೊಳ್ಳಬಾರದು. ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಜೀವಂತವಾಗಿರುತ್ತದೆ, ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು. ರಕ್ತ ನಿಲ್ಲಿಸಲು ಉಜ್ಜುವ ಪಟಿಕದ ಕಲ್ಲಿಗೂ ಇದೇ ನಿಯಮ: ಒಬ್ಬೊಬ್ಬರಿಗೆ ಒಂದೊಂದು.

## ಬ್ಲೇಡು ಎಳೆಯುತ್ತದೆ, ಕೂದಲು ಕಿತ್ತ ಹಾಗಾಗುತ್ತದೆ

ಹೊಸ ಬ್ಲೇಡು ತರುವ ಮುನ್ನ ಕಾಸು ಖರ್ಚಿಲ್ಲದ ಮೂರು ಸಂಗತಿ ನೋಡಿ.

ಮೊದಲನೆಯದು ಕೂದಲಿನ ಉದ್ದ. 2-3 ಮಿಲಿಮೀಟರಿಗಿಂತ ಉದ್ದವಿದ್ದರೆ ರೇಜರಿನ ಸಂದಿ ಎರಡು ಹೊಡೆತಕ್ಕೇ ಕಟ್ಟಿಕೊಂಡು, ಕತ್ತರಿಸುವ ಬದಲು ಎಳೆಯತೊಡಗುತ್ತದೆ. ಬಾಚಣಿಗೆ ತೆಗೆದ ಟ್ರಿಮ್ಮರಿನಿಂದ ಮೊದಲು ಬುಡಕ್ಕೆ ಇಳಿಸಿ, ಆಮೇಲೆ ರೇಜರ್.

ಎರಡನೆಯದು ನೆನೆಯುವ ಹೊತ್ತು. ಒಣ ಕೂದಲು ಗಡಸು, ನೀರು ಹೀರಿದ ಕೂದಲು ಮೆತ್ತಗೆ. ಅದಕ್ಕೆ ಕನಿಷ್ಠ ಮೂರು ನಿಮಿಷ ಉಗುರುಬೆಚ್ಚಗಿನ ನೀರು ಬೇಕು, ಸ್ನಾನದ ಕೊನೆಗೆ ಬೋಳಿಸುವುದು ಎಲ್ಲಕ್ಕಿಂತ ಸುಲಭ. ಎಣ್ಣೆ ಹಚ್ಚಿದ ತಲೆ ನೀರನ್ನು ಒಳಗೆ ಬಿಡುವುದಿಲ್ಲ. ಎಣ್ಣೆಸ್ನಾನದ ದಿನವಾದರೆ ಶಾಂಪೂ ಅಥವಾ ಸೀಗೆಕಾಯಿಯಿಂದ ಜಿಡ್ಡು ಪೂರ್ತಿ ಹೋಗಲಿ.

ಮೂರನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ: ನೀರು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಬಿಳಿ ಗಸಿಯಾಗುತ್ತವೆ. ನೊರೆ ಏಳುವುದಿಲ್ಲ, ಎದ್ದದ್ದೂ ಅರ್ಧ ನಿಮಿಷಕ್ಕೆ ಒಣಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವ ಮನೆಗಳಲ್ಲಿ ಇದೇ ಕಾರಣ ಇರುವ ಸಾಧ್ಯತೆ ಹೆಚ್ಚು. ಕುಡಿಯುವ ಫಿಲ್ಟರಿನ ನೀರು ಒಂದು ಲೋಟ ಬೆಚ್ಚಗೆ ಮಾಡಿಕೊಂಡು ನೊರೆಗೆ ಬಳಸಿ ನೋಡಿ. ನೊರೆ ದಟ್ಟವಾಗಿ ನಿಂತರೆ ದೋಷ ಸಿಕ್ಕಂತೆ. ಇಲ್ಲವಾದರೆ ಸೋಪಿನ ಬದಲು ನೊರೆ ಕಡಿಮೆಯ, ಜಾರುವ ಶೇವಿಂಗ್ ಜೆಲ್ ಹಿಡಿಯಿರಿ. ಪಾರದರ್ಶಕ ಜೆಲ್ಲಿನಲ್ಲಿ ಮಚ್ಚೆ, ಗುಳ್ಳೆ ಕಾಣುತ್ತವೆ ಎಂಬುದು ಇನ್ನೊಂದು ಅನುಕೂಲ.

ಇವು ಮೂರೂ ಸರಿಯಿದ್ದು ಎಳೆತ ನಿಲ್ಲದಿದ್ದರೆ ಬ್ಲೇಡು ಮೊಂಡಾಗಿದೆ. ತಲೆಯ ಹರವು ಗಡ್ಡಕ್ಕಿಂತ ಎಷ್ಟೋ ದೊಡ್ಡದು. ಗಡ್ಡಕ್ಕೆ ವಾರವಿಡೀ ಬರುವ ಸೇಫ್ಟಿ ರೇಜರ್ ಬ್ಲೇಡು ತಲೆಗೆ ಎರಡು-ಮೂರು ಸಲಕ್ಕೇ ಮುಗಿಯುತ್ತದೆ. ಸೇಫ್ಟಿ ರೇಜರಿನ ಒಂದು ಮಗ್ಗುಲು ಮಾತ್ರ ಕೊಯ್ಯುತ್ತಿದ್ದರೆ ಬ್ಲೇಡು ಓರೆಯಾಗಿ ಕೂತಿದೆ ಎಂದರ್ಥ. ಬೆಳಕಿಗೆ ಹಿಡಿದು ಎರಡೂ ಕಡೆ ಅಂಚು ಸಮನಾಗಿ ಹೊರಬಂದಿದೆಯೇ ನೋಡಿ, ಹಿಡಿ ಸಡಿಲಿಸಿ ಮತ್ತೆ ಬಿಗಿ ಮಾಡಿ. ಕೆಲಸ ಮುಗಿದ ಮೇಲೆ ರೇಜರನ್ನು ತೊಳೆದು, ಕೊಡವಿ, ಬಚ್ಚಲಿನ ಹೊರಗೆ ಒಣಗಲು ಬಿಡಿ. ಟವೆಲಿನಿಂದ ಅಂಚು ಒರೆಸಿದರೆ ಹರಿತ ಹೋಗುತ್ತದೆ. ಸವೆದ ಬ್ಲೇಡನ್ನು ಬರಿದಾದ ಡಬ್ಬಿಯಲ್ಲಿ ಹಾಕಿ ಮುಚ್ಚಿ ಕೊಡಿ. ಕಸದ ಚೀಲದಲ್ಲಿ ಬಿಡಿಯಾಗಿ ಎಸೆದ ಬ್ಲೇಡು ಪೌರಕಾರ್ಮಿಕರ ಕೈ ಕೊಯ್ಯುತ್ತದೆ.

## ಬೋಳಿಸಿದ ನಿಮಿಷಗಳಲ್ಲೇ ಉರಿ, ಕೆಂಪು

ಜಾಗ ನೋಡಿ. ಹೆಡತಲೆ ಮತ್ತು ಕಿವಿಯ ಹಿಂದೆ ಮಾತ್ರ ಉರಿ ಎಂದರೆ ಹೊಡೆತದ ದಿಕ್ಕು ತಪ್ಪಿದೆ. ತಲೆಯಿಡೀ ಉರಿ ಎಂದರೆ ಮೊಂಡು ಬ್ಲೇಡು, ಕೈಯ ಒತ್ತಡ, ಇಲ್ಲವೇ ನೊರೆಯಲ್ಲಿನ ಘಾಟು ಅಥವಾ ಸುವಾಸನೆ.

ದಿಕ್ಕಿನ ತಪ್ಪು ಆಗುವುದು ಹೀಗೆ. ನೆತ್ತಿಯ ಸುಳಿಯಿಂದ ಕೂದಲು ಮುಂದಕ್ಕೂ ಪಕ್ಕಕ್ಕೂ ಮಲಗುತ್ತದೆ. ಆದರೆ ಕತ್ತಿನ ಹಿಂಭಾಗದಲ್ಲಿ ಬಹಳ ಜನರಿಗೆ ಅದು ಅಡ್ಡಡ್ಡ, ಕೆಲವರಿಗೆ ಮೇಲ್ಮುಖವಾಗಿಯೇ ಇರುತ್ತದೆ. ಮೇಲಿನಿಂದ ಕೆಳಕ್ಕೆ ಎಳೆದರೆ ಕೂದಲ ದಿಕ್ಕಿಗೇ ಎಳೆದೆವು ಎಂದುಕೊಂಡಿರುತ್ತೇವೆ, ನಿಜವಾಗಿ ಅದು ಎದುರು ಹೊಡೆತ. ಎರಡು ದಿನ ಬೆಳೆದ ತಲೆಯ ಮೇಲೆ ಒಂದು ಹತ್ತಿಯ ಉಂಡೆಯನ್ನು ಎಲ್ಲ ಕಡೆಗೂ ಸವರಿ ನೋಡಿ. ಜಾರಿ ಹೋದ ಕಡೆ ಕೂದಲು ಮಲಗಿದ ದಿಕ್ಕು, ಎಳೆ ಸಿಕ್ಕಿ ಕಚ್ಚಿಕೊಂಡ ಕಡೆ ಎದುರು ದಿಕ್ಕು. ಎಡ, ಬಲ, ನೆತ್ತಿ, ಹೆಡತಲೆ ಎಂದು ಒಂದು ಚೀಟಿಯ ಮೇಲೆ ಬಾಣದ ಗುರುತು ಹಾಕಿಟ್ಟುಕೊಳ್ಳಿ. ಎರಡು ಸುಳಿ ಇದ್ದವರಿಗಂತೂ ಈ ಚೀಟಿ ಇಲ್ಲದೆ ಆಗುವುದಿಲ್ಲ. ಮೊದಲ ಒಂದು ತಿಂಗಳು ಕೂದಲು ಮಲಗಿದ ದಿಕ್ಕಿಗೆ ಮಾತ್ರ ಬೋಳಿಸಿ. ಇನ್ನೂ ನುಣುಪು ಬೇಕೆಂದರೆ ಹೊಸದಾಗಿ ನೊರೆ ಹಚ್ಚಿ ಅಡ್ಡಕ್ಕೆ ಒಂದು ಸಲ. ಎದುರು ಹೊಡೆತವನ್ನು ಹೆಡತಲೆಯಲ್ಲಿ ಯಾವತ್ತಿಗೂ ಬಿಟ್ಟುಬಿಡುವುದೇ ಮೇಲು.

ಒತ್ತಡ ಪರೀಕ್ಷಿಸಲು ರೇಜರಿನ ಹಿಡಿಯನ್ನು ಬ್ಲೇಡಿನ ಹತ್ತಿರ ಹಿಡಿಯದೆ ತುದಿಯಲ್ಲಿ ಎರಡೇ ಬೆರಳಿಂದ ಹಿಡಿಯಿರಿ. ಅಷ್ಟು ಹಗುರ ಹಿಡಿತದಲ್ಲಿ ಕೂದಲು ಹೋಗದಿದ್ದರೆ ಬ್ಲೇಡು ಬದಲಿಸಿ, ಕೈ ಬಿಗಿ ಮಾಡಬೇಡಿ. ಸೇಫ್ಟಿ ರೇಜರಾದರೆ ಹಿಡಿ ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿರಲಿ. ಹೊಡೆತ ಎರಡು-ಮೂರು ಸೆಂಟಿಮೀಟರಿಗಿಂತ ಉದ್ದ ಬೇಡ, ತಲೆ ಗುಂಡಗಿದೆ. ಉದ್ದ ಎಳೆದಷ್ಟೂ ನಡುವೆ ಕೋನ ತಪ್ಪುತ್ತದೆ.

ಉರಿ ಎದ್ದಾಗಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಡಿ, ಬಳಿಕ ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಅಥವಾ ಕ್ಯಾಲಮೈನ್ ಲೋಷನ್. ಆಲ್ಕೊಹಾಲ್ ಇರುವ ಆಫ್ಟರ್‌ಶೇವ್, ನೀರು ಬೆರೆಸದ ಆಂಟಿಸೆಪ್ಟಿಕ್ ದ್ರಾವಣ ಎರಡೂ ಉರಿಯನ್ನು ಸುಟ್ಟಗಾಯದ ಮಟ್ಟಕ್ಕೆ ಒಯ್ಯಬಲ್ಲವು. ಮುಂದಿನ ಬೋಳಿಸುವಿಕೆಗೆ ಕನಿಷ್ಠ ಮೂರು ದಿನ ಬಿಡಿ. ಬ್ಲೇಡಿನ ಉರಿ ಅಷ್ಟರಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಕಾರಣ ಬೇರೆ ಇದೆ.

ಕೂದಲು ಉದುರುವುದಕ್ಕೆ ಮಿನಾಕ್ಸಿಡಿಲ್ ಹಚ್ಚುವವರು ಬೋಳಿಸಿದ ದಿನ ಅದನ್ನು ಬಿಡಬೇಕು. ಗೀರಿದ ಚರ್ಮದ ಮೂಲಕ ಔಷಧ ಹೆಚ್ಚು ಒಳಗಿಳಿದು ಎದೆ ಬಡಿತ ಏರಬಹುದು.

## ಗಾಯದಿಂದ ರಕ್ತ ನಿಲ್ಲುತ್ತಿಲ್ಲ

ತಲೆಯ ಚರ್ಮಕ್ಕೆ ರಕ್ತದ ಹರಿವು ಹೆಚ್ಚು. ಅಲ್ಲಿನ ಬಿಗಿಯಾದ ಪದರ ತುಂಡಾದ ರಕ್ತನಾಳದ ಬಾಯನ್ನು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಹಾಗಾಗಿ ಸಣ್ಣ ಗೀರಿಗೂ ಧಾರೆ ಕಟ್ಟುತ್ತದೆ, ಗಾಬರಿ ಬೇಡ. ಶುಚಿಯಾದ ಬಟ್ಟೆ ಒತ್ತಿ ಹಿಡಿದು ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕೂತಿರಿ. ನಡುನಡುವೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ, ಲೆಕ್ಕ ಮೊದಲಿನಿಂದ. ನಿಂತ ಮೇಲೆ ಬೇಕಿದ್ದರೆ ಒದ್ದೆ ಪಟಿಕವನ್ನು ಒಮ್ಮೆ ಸವರಿ ಒಂದು ನಿಮಿಷಕ್ಕೆ ತೊಳೆಯಿರಿ. ಕಾಫಿ ಪುಡಿ, ಸುಣ್ಣ, ಅರಿಸಿನ ತುಂಬಬೇಡಿ, ಅವು ಗಾಯದೊಳಗೆ ಕೂತು ಕೀವಿಗೆ ದಾರಿ ಮಾಡುತ್ತವೆ.

20 ನಿಮಿಷ ಒತ್ತಿದರೂ ಸುರಿಯುತ್ತಿದ್ದರೆ, ಗಾಯದ ಬಾಯಿ ತೆರೆದು ನಿಂತಿದ್ದರೆ ಹೊಲಿಗೆ ಬೇಕಾಗಬಹುದು. ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ತುಕ್ಕು ಹಿಡಿದ, ಕೊಳಕು ಬ್ಲೇಡಿನಿಂದಾದ ಗಾಯವಿದ್ದು ಕೊನೆಯ ಧನುರ್ವಾಯು ಚುಚ್ಚುಮದ್ದು ಹಾಕಿಸಿ 5 ವರ್ಷ ದಾಟಿದ್ದರೆ ಅದನ್ನೂ ಹೇಳಿ.

ಗಾಯ ಪ್ರತಿಸಲ ಒಂದೇ ಜಾಗದಲ್ಲಾದರೆ ಅಲ್ಲಿ ಉಬ್ಬೋ ಮಡಿಕೆಯೋ ಇದೆ. ಹಿಂದಲೆಯ ಮೂಳೆಯ ಉಬ್ಬಿನ ಮೇಲೆ ರೇಜರನ್ನು ಪಕ್ಕದಿಂದ ತನ್ನಿ. ಗದ್ದವನ್ನು ಎದೆಗೆ ಆನಿಸಿದರೆ ಹೆಡತಲೆಯ ಮಡಿಕೆ ಬಿಡಿಸಿಕೊಳ್ಳುತ್ತದೆ. ಕಿವಿಯನ್ನು ಮುಂದಕ್ಕೆ ಮಡಚಿ ಹಿಡಿದರೆ ಅದರ ಹಿಂದಿನ ಚರ್ಮ ಬಿಗಿಯಾಗುತ್ತದೆ.

## ಅಲ್ಲಲ್ಲಿ ಕೂದಲು ಉಳಿದಿದೆ

ಎರಡು ಕನ್ನಡಿ ಹಿಡಿದು ಒದ್ದಾಡಬೇಡಿ, ಅದರಲ್ಲಿ ಎಡ-ಬಲ ಗೊಂದಲವೇ ಹೆಚ್ಚು. ಬಿಡುವಾಗಿರುವ ಕೈಯ ಬೆರಳು ರೇಜರಿನ ಹಿಂದೆಯೇ ಹೋಗಲಿ, ಉಳಿದ ಕೂದಲು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಸಾಮಾನ್ಯವಾಗಿ ಉಳಿಯುವುದು ಸುಳಿಯ ಸುತ್ತ, ಕಿವಿಯ ಹಿಂದಿನ ಗೆರೆಯಲ್ಲಿ. ಸುಳಿಯಲ್ಲಿ ಚೀಟಿ ನೋಡಿ ಮೂರು-ನಾಲ್ಕು ಕಡೆಯಿಂದ ಸಣ್ಣ ಹೊಡೆತ ಹಾಕಿ, ಪ್ರತಿ ಸಲ ನೊರೆ ಇರಲೇಬೇಕು.

ಇದರ ತಿರುವುಮುರುವಾದ ಚಿಹ್ನೆಯೊಂದಿದೆ, ಗಮನದಲ್ಲಿಡಿ. ಬೋಳಿಸಿದ ಎರಡು ದಿನಕ್ಕೆ ತಲೆಯಿಡೀ ಮೊಳಕೆ ಬಂದು, ರೂಪಾಯಿ ನಾಣ್ಯದಷ್ಟು ಒಂದು ಜಾಗ ಮಾತ್ರ ನುಣ್ಣಗೇ ಉಳಿದರೆ ಅದು ರೇಜರಿನ ಗುಣವಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬಿದ್ದು ಬರುವ ಅಲೊಪೇಶಿಯಾ ಏರಿಯೇಟಾ ಇರಬಹುದು. ಹುಳ ತಿಂದಿದೆ ಎಂದು ಈರುಳ್ಳಿ, ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಟುಕೊಳ್ಳುವ ಬದಲು ಚರ್ಮವೈದ್ಯರಿಗೆ ತೋರಿಸಿ.

## ಮೂರ್ನಾಲ್ಕು ದಿನಕ್ಕೆ ಗುಳ್ಳೆ ಏಳುತ್ತವೆ

ಅತಿ ಹೆಚ್ಚು ತಪ್ಪು ಚಿಕಿತ್ಸೆ ನಡೆಯುವುದು ಇಲ್ಲಿಯೇ. ನೋಡಲು ಒಂದೇ ಥರ ಇದ್ದರೂ ಒಳಗೆ ನಾಲ್ಕು ಬಗೆಯ ತೊಂದರೆ ಇರಬಹುದು, ಒಂದರ ಔಷಧ ಇನ್ನೊಂದನ್ನು ಕೆರಳಿಸುತ್ತದೆ.

ಗುಳ್ಳೆಯ ನಡುವೆ ಬಾಗಿದ ಕೂದಲು ಕಪ್ಪು ಗೆರೆಯಂತೆ ಕಾಣುತ್ತಿದ್ದರೆ ಅದು ಒಳಮುಖವಾಗಿ ಬೆಳೆದ ಕೂದಲು. ಚರ್ಮವನ್ನು ಎಳೆದು ಹಿಡಿದು ಬುಡಸಮೇತ ಬೋಳಿಸಿದಾಗ ಕೂದಲ ಚೂಪು ತುದಿ ಚರ್ಮದ ಕೆಳಗೆ ಸರಿಯುತ್ತದೆ, ಬೆಳೆಯುವಾಗ ಪಕ್ಕದ ಚರ್ಮವನ್ನು ಚುಚ್ಚುತ್ತದೆ. ಗುಂಗುರು ಕೂದಲಿನವರಿಗೆ ಇದು ಹೆಚ್ಚು. ಮದ್ದು ಎಂದರೆ ರೇಜರ್ ಬಿಡುವುದು. ಮೂರು-ನಾಲ್ಕು ವಾರ ಟ್ರಿಮ್ಮರ್ ಮಾತ್ರ ಬಳಸಿ, ಅರ್ಧದಿಂದ ಒಂದು ಮಿಲಿಮೀಟರ್ ಕೂದಲು ಉಳಿಯಲಿ. ವಾರಕ್ಕೆ ಎರಡು-ಮೂರು ಸಲ 2% ಸ್ಯಾಲಿಸಿಲಿಕ್ ಆಮ್ಲದ ಲೋಷನ್ ಹಚ್ಚಬಹುದು. ಪಿನ್ನು ಹಾಕಿ ಕೆದಕಿದರೆ ಕಪ್ಪು ಕಲೆ ಉಳಿಯುವುದು ಖಚಿತ. ಆಮೇಲೆ ಮತ್ತೆ ರೇಜರ್ ಹಿಡಿದಾಗ ಬಹು ಬ್ಲೇಡಿನ ಕಾರ್ಟ್ರಿಡ್ಜ್ ಬದಲು ಒಂಟಿ ಬ್ಲೇಡಿನದು ಹಿಡಿಯಿರಿ. ಕಾರ್ಟ್ರಿಡ್ಜಿನ ಮೊದಲ ಬ್ಲೇಡು ಕೂದಲನ್ನು ಎತ್ತಿದಾಗ ಹಿಂದಿನದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ.

ಗುಳ್ಳೆಯ ತುದಿ ಹಳದಿಯಾಗಿ, ಮುಟ್ಟಿದರೆ ನೋವಾದರೆ ಅದು ಬ್ಯಾಕ್ಟೀರಿಯಾ ಸೋಂಕು, ಹೆಚ್ಚಾಗಿ ಸ್ಟಾಫಿಲೊಕಾಕಸ್. ದಿನಕ್ಕೆ ಎರಡು ಸಲ ಬೆಚ್ಚನೆ ಬಟ್ಟೆಯ ಶಾಖ, ದಿನಕ್ಕೊಮ್ಮೆ ಬೆಂಜಾಯ್ಲ್ ಪೆರಾಕ್ಸೈಡ್ 2.5%ರಿಂದ 5% ಇರುವ ವಾಶ್ ಸಾಕಾಗುತ್ತದೆ. ಬಣ್ಣದ ಟವೆಲು, ದಿಂಬಿನ ಕವರು ಅದಕ್ಕೆ ತಾಗಿದರೆ ಬಿಳಿಚಿಕೊಳ್ಳುತ್ತವೆ, ಬಿಳಿಯವನ್ನೇ ಬಳಸಿ. ಹಳೆಯ ಬ್ಲೇಡು ಎಸೆಯಿರಿ. ಹಿಸುಕಬೇಡಿ.

ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆಗಳು, ನೋವಿಗಿಂತ ತುರಿಕೆ ಹೆಚ್ಚು, ಬೆವರಿದರೆ ಜೋರು ಎಂದಾದರೆ ಮಲಸೀಜಿಯಾ ಎಂಬ ಶಿಲೀಂಧ್ರದ ಮೇಲೆ ಅನುಮಾನ ಪಡಿ. ಕರಾವಳಿಯ ಸೆಕೆಯಲ್ಲಿ, ದಿನಕ್ಕೆ ಗಂಟೆಗಟ್ಟಲೆ ಹೆಲ್ಮೆಟ್ ಹಾಕುವವರಲ್ಲಿ ಇದು ಬರುತ್ತದೆ. ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಹೆಚ್ಚಾಯಿತು ಎಂಬುದು ಇದರ ದೊಡ್ಡ ಸುಳಿವು. ಹೆಲ್ಮೆಟಿನ ಒಳಬಟ್ಟೆಯನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ, ತಲೆಗೆ ತೆಳು ಹತ್ತಿಬಟ್ಟೆ ಕಟ್ಟಿ ಅದರ ಮೇಲೆ ಹೆಲ್ಮೆಟ್ ಹಾಕಿ, ಬಟ್ಟೆಯನ್ನು ದಿನವೂ ಬದಲಿಸಿ. ಬೆಳಗ್ಗೆ ಬೋಳಿಸಿ ಕೂಡಲೇ ಗಾಡಿ ಹತ್ತುವ ಬದಲು ರಾತ್ರಿ ಬೋಳಿಸಿದರೆ ಚರ್ಮಕ್ಕೆ ಏಳೆಂಟು ಗಂಟೆ ಬಿಡುವು ಸಿಗುತ್ತದೆ.

ನಾಲ್ಕನೆಯದನ್ನು ಕಡೆಗಣಿಸಲೇಬಾರದು. ಹೆಡತಲೆಯ ಕೂದಲಂಚಿನಲ್ಲಿ ಗಟ್ಟಿ ಗುಳ್ಳೆಗಳು ಎದ್ದು, ವಾರಗಳಾದರೂ ಕರಗದೆ ಒಂದಕ್ಕೊಂದು ಕೂಡಿ ಗಂಟಾಗುತ್ತಿದ್ದರೆ ಅದು ಆಕ್ನೆ ಕೀಲಾಯ್ಡಾಲಿಸ್. ನುಣ್ಣಗೆ ಬೋಳಿಸಿದಷ್ಟೂ, ಶರ್ಟಿನ ಕಾಲರ್ ಉಜ್ಜಿದಷ್ಟೂ ಬೆಳೆಯುತ್ತದೆ. ಶುರುವಿನಲ್ಲಿ ಔಷಧಕ್ಕೆ ಬಗ್ಗುತ್ತದೆ, ಗಂಟು ಬಲಿತರೆ ಚುಚ್ಚುಮದ್ದು, ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತದೆ. ಆ ಜಾಗಕ್ಕೆ ರೇಜರ್ ತಾಗಿಸುವುದನ್ನು ಇಂದೇ ನಿಲ್ಲಿಸಿ, ಚರ್ಮವೈದ್ಯರನ್ನು ಕಾಣಿ.

## ಸಿಪ್ಪೆ ಏಳುತ್ತದೆ, ಹೊಟ್ಟು ಉದುರುತ್ತದೆ

ಕೂದಲಿಲ್ಲದ ತಲೆಯಲ್ಲಿ ಹೊಟ್ಟು ಬರುವುದಿಲ್ಲ ಎಂದು ತಿಳಿದವರು ಬಹಳ. ಚಕ್ಕೆಯನ್ನು ಬೆರಳಿನಿಂದ ಉಜ್ಜಿ ನೋಡಿ. ಬಿಳಿ ಪುಡಿಯಾಗಿ ಉದುರಿ, ಚರ್ಮ ಬಿಗಿದಂತಿದ್ದರೆ ಒಣಗಿದೆ ಅಷ್ಟೆ. ಸೋಪು ಬಿಟ್ಟು ಮೃದುವಾದ ಕ್ಲೆನ್ಸರ್, ಸ್ನಾನವಾದ ಮೂರು ನಿಮಿಷದೊಳಗೆ ಮಾಯಿಶ್ಚರೈಸರ್. ಡಿಸೆಂಬರಿನಲ್ಲಿ ಬಯಲುಸೀಮೆಯಲ್ಲಿ ಇದು ಮಾಮೂಲಿ.

ಚಕ್ಕೆ ಹಳದಿಯಾಗಿ ಬೆರಳಿಗೆ ಜಿಡ್ಡಾಗಿ ಅಂಟಿ, ಅದರ ಕೆಳಗೆ ಕೆಂಪಗಿದ್ದು, ಹುಬ್ಬು-ಮೂಗಿನ ಪಕ್ಕದಲ್ಲೂ ಅದೇ ಇದ್ದರೆ ಸೆಬೊರಿಕ್ ಡರ್ಮಟೈಟಿಸ್. ಇದರ ಮೇಲೆ ಕೊಬ್ಬರಿ ಎಣ್ಣೆ ತಿಕ್ಕಬಾರದು. ಇದನ್ನು ಕೆರಳಿಸುವುದೂ ಮೇಲೆ ಹೇಳಿದ ಮಲಸೀಜಿಯಾ ಶಿಲೀಂಧ್ರವೇ, ಅದು ಎಣ್ಣೆಯ ಕೊಬ್ಬಿನಾಮ್ಲಗಳನ್ನೇ ತಿಂದು ಬೆಳೆಯುತ್ತದೆ. ಕೀಟೊಕೊನಜೋಲ್ 2% ಶಾಂಪೂವನ್ನು ವಾರಕ್ಕೆ ಎರಡು ಸಲ, 3ರಿಂದ 5 ನಿಮಿಷ ತಲೆಯ ಮೇಲೆ ಬಿಟ್ಟು ತೊಳೆಯಿರಿ, ಎರಡರಿಂದ ನಾಲ್ಕು ವಾರ. ಹಚ್ಚಿದ ಕೂಡಲೇ ತೊಳೆದರೆ ದುಡ್ಡು ದಂಡ. ಬೆಳ್ಳಿಯಂತೆ ಹೊಳೆಯುವ ದಪ್ಪ ಪದರ ಗಡಿ ಕೊರೆದಂತೆ ಕೂದಲಂಚು ದಾಟಿ ಬಂದಿದ್ದರೆ, ಮೊಣಕೈ-ಮೊಣಕಾಲಿನಲ್ಲೂ ಇದ್ದರೆ ಸೋರಿಯಾಸಿಸ್ ಇರಬಹುದು. ಅದರ ಮೇಲೆ ಬ್ಲೇಡು ಆಡಿಸಿದರೆ ಗೀರಿದಲ್ಲೆಲ್ಲ ಹೊಸದು ಏಳುತ್ತದೆ.

ಉಂಗುರದ ಹಾಗೆ ಅಂಚು ಕೆಂಪಾಗಿ ಹಬ್ಬುವುದು ಹುಳುಕಡ್ಡಿ. ಸ್ಟೆರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಟ್ಯೂಬು ಚೀಟಿಯಿಲ್ಲದೆ ಸಿಗುತ್ತದೆಂದು ಹಚ್ಚಲು ಹೋಗಬೇಡಿ. ಎರಡು ದಿನ ತುರಿಕೆ ನಿಲ್ಲುತ್ತದೆ, ಸ್ಟೆರಾಯ್ಡಿನ ಮರೆಯಲ್ಲಿ ಶಿಲೀಂಧ್ರ ಗುರುತೇ ಸಿಗದಂತೆ ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್ ಅಥವಾ ಕ್ಲೊಬೆಟಸೋಲ್ ಎಂದಿದೆಯೇ ಓದಿ ನೋಡಿ, ಅವೇ ಆ ಸ್ಟೆರಾಯ್ಡುಗಳು.

## ನೆತ್ತಿ ಸಂಜೆಗೆ ಸುಡುತ್ತದೆ, ಕೆಲವು ದಿನಕ್ಕೆ ಸುಲಿಯುತ್ತದೆ

ಬಿಸಿಲ ಸುಡು ಕೆಲವು ಗಂಟೆ ಬಿಟ್ಟು ಶುರುವಾಗಿ ಮರುದಿನ ತಾರಕಕ್ಕೇರುತ್ತದೆ. ಜಾಗ ನೆತ್ತಿ, ಮುಂದಲೆ, ಕಿವಿಯ ಮೇಲ್ತುದಿ. ತಿರುಪತಿಯಲ್ಲೋ ಮಾದಪ್ಪನ ಬೆಟ್ಟದಲ್ಲೋ ಮುಡಿ ಕೊಟ್ಟು ಬಂದವರ ಚರ್ಮ ವರ್ಷಗಟ್ಟಲೆ ಬಿಸಿಲು ಕಂಡಿರುವುದಿಲ್ಲ, ಮೊದಲ ಎರಡು ವಾರ ಟೋಪಿಯೋ ವಸ್ತ್ರವೋ ಇರಲೇಬೇಕು. ಮಾರ್ಚ್‌ನಿಂದ ಮೇವರೆಗೆ ನಡುಹಗಲು ಬಿಸಿಲಿನ ನೇರಳಾತೀತ ಕಿರಣಗಳ ತೀವ್ರತೆ ಹೇಳುವ ಯುವಿ ಸೂಚ್ಯಂಕ 11 ದಾಟುವುದು ನಮ್ಮಲ್ಲಿ ಸಾಮಾನ್ಯ. ಬೆಂಗಳೂರಿನ ತಂಪು ಗಾಳಿ ಇಲ್ಲಿ ಮೋಸ ಮಾಡುತ್ತದೆ, ಗಾಳಿ ತಂಪಿದ್ದರೂ ಯುವಿ ತಗ್ಗಿರುವುದಿಲ್ಲ. ಎಸ್‌ಪಿಎಫ್ 30 ಅಥವಾ ಮೇಲ್ಪಟ್ಟ ಸನ್‌ಸ್ಕ್ರೀನನ್ನು ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿಕೊಂಡರೆ ತಲೆಯೊಂದಕ್ಕೇ ಬೇಕು, ಮುಖ-ಕತ್ತಿಗೆ ಬೇರೆ ಅಷ್ಟೇ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ, ಬೆವರಿದರೆ ಅದಕ್ಕೂ ಮೊದಲೇ. ಆಗಷ್ಟೇ ಬೋಳಿಸಿದ ತಲೆಗೆ ಉರಿದರೆ ಜಿಂಕ್ ಆಕ್ಸೈಡ್ ಇರುವುದನ್ನು ಆರಿಸಿ.

ನೀರು ಇಳಿದ ಧಾರೆಯಂತೆ ಹಣೆ, ಕತ್ತಿನವರೆಗೆ ಕೆಂಪು ಗೆರೆಗಳು ಒಂದೆರಡು ದಿನದ ಮೇಲೆ ಮೂಡಿ, ಬಳಿಕ ಕಂದು ಕಲೆಯಾಗಿ ವಾರಗಟ್ಟಲೆ ಉಳಿದರೆ ನಿಂಬೆಹಣ್ಣು ನೆನಪಿಸಿಕೊಳ್ಳಿ. ಹೊಟ್ಟಿಗೆಂದು ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಅದರಲ್ಲಿರುವ ಫ್ಯೂರೊಕೌಮರಿನ್ ಎಂಬ ಅಂಶ ಬೆಳಕಿನೊಡನೆ ಸೇರಿ ಚರ್ಮ ಸುಡುತ್ತದೆ. ಕೂದಲಿದ್ದಾಗ ತಡೆದುಕೊಂಡದ್ದನ್ನು ಬೋಳು ತಲೆ ತಡೆದುಕೊಳ್ಳುವುದಿಲ್ಲ.

## ಟ್ರಿಮ್ಮರ್ ಕಚ್ಚುತ್ತದೆ, ಬಿಸಿಯಾಗುತ್ತದೆ

ಬ್ಲೇಡಿನ ಸಂದಿಯ ಕೂದಲು ಕೊಡವಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಹಾಕಿ ಹತ್ತು ಸೆಕೆಂಡು ಓಡಿಸಿ. ಕೊಬ್ಬರಿ ಎಣ್ಣೆ ಬೇಡ, 24 ಡಿಗ್ರಿಯ ಕೆಳಗೆ ಗಟ್ಟಿಯಾಗಿ ಬ್ಲೇಡನ್ನೇ ಹಿಡಿದುಬಿಡುತ್ತದೆ. ಚರ್ಮ ಗೀರುತ್ತಿದ್ದರೆ ಆಡುವ ಬ್ಲೇಡು ನಿಂತ ಬ್ಲೇಡಿಗಿಂತ ಮುಂದೆ ಬಂದಿದೆ. ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ. ಚಾರ್ಜಿಗೆ ಹಾಕಿಕೊಂಡು ಒದ್ದೆ ತಲೆಯ ಮೇಲೆ ಓಡಿಸಬೇಡಿ.

## ಇಂದೇ ವೈದ್ಯರನ್ನು ಕಾಣಬೇಕಾದ ಚಿಹ್ನೆಗಳು

ಜ್ವರದ ಜೊತೆ ಕೆಂಪು ಹಬ್ಬುತ್ತಿರುವುದು. ಕುರುವಿಗೆ ಹಲವು ಬಾಯಿ ಬಿದ್ದು ಕೀವು ಸೋರುವುದು, ಸಕ್ಕರೆ ಕಾಯಿಲೆಯವರಿಗೆ ಒಂದೇ ಬಾಯಿ ಇದ್ದರೂ. ಹಚ್ಚಿದ ವಸ್ತುವಿನಿಂದ ಕಣ್ಣು, ತುಟಿ ಊದುವುದು. ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ.

ಈ ವಾರದೊಳಗೆ ತೋರಿಸಬೇಕಾದವು: ಬಣ್ಣ, ಅಂಚು, ಗಾತ್ರ ಬದಲಾದ ಮಚ್ಚೆ; ಒಂದು ತಿಂಗಳಾದರೂ ಮಾಯದ ಹುಣ್ಣು; ಬಿಸಿಲು ಬೀಳುವ ಜಾಗದಲ್ಲಿ ಉಪ್ಪುಕಾಗದದಂತೆ ಒರಟಾಗಿ ಉಳಿದ ಚಕ್ಕೆ.

ಹೋಗುವ ಮುನ್ನ ಮೂರು ದಿನ ಬೋಳಿಸಬೇಡಿ, ಹಿಂದಿನ ರಾತ್ರಿಯಿಂದ ಏನನ್ನೂ ಹಚ್ಚಬೇಡಿ. ಅದುವರೆಗೆ ಹಚ್ಚಿದ ಟ್ಯೂಬು, ಎಣ್ಣೆ, ಶಾಂಪೂಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಜೊತೆಗೇ ಒಯ್ಯಿರಿ.